ಗುಂಡುಕಲ್ಲಿನ ರಸ್ತಿ ಯಾಕ ಡೊಂಕಾತು

...ಗೋರಿನೂ ಅಲ್ಲ, ಹುತ್ತಾನೂ ಅಲ್ಲ, ಯಾರು ಹೇಳಿದ್ರು ನಿನಗ? ನಿಮ್ಮ ಸಾಲಿ ಮೇಷ್ಟ್ರೇನು? ಅವ್ರು ಮೋಕ ಊರಿನವ್ರಲ್ಲೇನು, ದಿನಾ ಬಸ್ಸಿಗೆ ಬಂದು ಬಸ್ಸಿಗೆ ಹೋಗೋರು, ಅವ್ರಿಗೆ ನಮ್ಮ ಗುಂಡುಕಲ್ಲಿನ ರಸ್ತಿ ಸುದ್ದಿ ಏನು ಗೊತ್ತು? ಈ ರಸ್ತಿ ಅಲ್ಲಿ ತಿರುವಿಕೊಂಡಿದ್ದು ಯಾವ ದೇವ್ರಿಗೂ ಹೆದರಿ ಅಲ್ಲ. ಎಣ್ಣಿಮಿಲ್ಲಿನ ಮಾಲಕ ಲಂಚ ತಿನ್ನಿಸಿ ತಿರುವಿಸಿದ ಅಂತಾರಲ್ಲ, ಚಾದಂಗಡ್ಯಾಗ ಕುಂತು ಹೇಳ್ತಾರ, ಅದೂ ಸುಳ್ಳು. ಪಾಪ, ಅಂವ ಬ್ಯಾರೆ ಏನೇನು ಮಾಡಿದ್ನೋ ನಾ ಕಾಣೆ, ಇದೊಂದು ಮಾಡಿದ್ದಿಲ್ಲ. ಯಾರು ತಿರುವಿದ್ರು ಅಂತ ನನಗ ಗೊತ್ತೈತಿ. ಲೇ ಸಂಜು, ಬರಕೋಬ್ಯಾಡ, ಮದ್ಲ ಕೇಳು. ಮತ್ತ ಆ ಫೋನು ಯಾಕ ನನ್ ಕಡಿ ಮಾರಿ ಮಾಡಿ ಇಟ್ಟಿ? ಮಾತು ಹಿಡಿಯಾಕತ್ತೈತೇನು ಅದು? ಮಗ್ಗಲಿಗೆ ಬೋರಲ ಇಡು. ಹಂಗ. ಈಗ ಹೇಳ್ತೀನಿ.

ಮದ್ಲು ಇಲ್ಲಿ ಏನಿತ್ತಂತಿ? ಏನೂ ಇದ್ದಿಲ್ಲ. ಬಳ್ಳಾರಿ ಬ್ರೂಸ್‌ಪೇಟಿಯಾಗ ಬಸ್ಸು ಹತ್ತಿ ರೈಲ್ವೆ ಗೇಟು ದಾಟಿದಿ ಅಂದ್ರ ಊರು ಮುಗೀತು ಅಂತ ತಿಳಕೋ. ಎಡಕ್ಕ ಬರೇ ಬಂಡಿಗಲ್ಲು, ಒಂದರ ಮ್ಯಾಲೊಂದು ಯಾರೋ ಪೇರಿಸಿಟ್ಟಂಗ, ಅದರಾಗ ತುದಿಗೆ ಒಂದು ದುಂಡನ ಕಲ್ಲು, ಅದಕ್ಕ ಗುಂಡುಕಲ್ಲು ಅಂತ ಹೆಸ್ರು ಬಂದಿದ್ದು. ಬಲಕ್ಕ ಎರಿ ಹೊಲ, ಕರಿ ಮಣ್ಣು, ಹತ್ತಿ ಬೆಳೀತಿದ್ರು. ನಡುವ ಜಾಲಿ ಕಂಟಿ, ಒಂದು ಹಳ್ಳ, ಹಳ್ಳದಾಚಿ ಕಾಲುವಿ ಏರಿ. ಮದ್ಲ ಬಂದಿದ್ದು ಹತ್ತಿ ಬೀಜ ಬಿಡಿಸೋ ಜಿನ್ನು. ಆಮ್ಯಾಲೆ ಎಣ್ಣಿಮಿಲ್ಲು. ಆಮ್ಯಾಲೆ ಒಂದೊಂದ ತಗಡಿನ ಶೆಡ್ಡು ಎದ್ದು, ಪ್ಯಾಂಟು ಹೊಲಿಯೋರು ಬಂದ್ರು, ಪ್ಯಾಂಟು ತೊಳಿಯೋರು ಬಂದ್ರು, ಎಲ್ಲಾದ ಮ್ಯಾಲೆ ಕಬ್ಬಿಣದೋರು ಬಂದ್ರು. ಇಲ್ಲ, ತಡಿ, ಕಬ್ಬಿಣದೋರು ಬಂದಾಗ ನಿಮ್ಮಪ್ಪ ಸಾಲಿಗೆ ಹೋಗ್ತಿದ್ದ, ಅದು ಎಷ್ಟೋ ವರ್ಷ ಆದಮ್ಯಾಲಿನ ಮಾತು. ಆ ಹಳ್ಳ ಐತಲ್ಲ, ಅದು ಮದ್ಲಿಂದ ನೀಲಿ ಇದ್ದಿಲ್ಲ. ತೊಳಿಯೋ ಶೆಡ್ಡು ಬಂದಮ್ಯಾಲೆ ನೀಲಿ ಆತು. ಕರಿ ಪ್ಯಾಂಟು ತೊಳದ ದಿನ ಕರಿ, ನೀಲಿ ತೊಳದ ದಿನ ನೀಲಿ. ನಾವು ಹಳ್ಳ ನೋಡಿನ ಇವತ್ತು ಯಾವ ಮಾಲು ಬಂದೈತಿ ಅಂತ ಹೇಳ್ತಿದ್ವಿ.

ನಾನು ಕರೂರಾಕಿ. ಸಿರುಗುಪ್ಪ ತಾಲ್ಲೂಕು, ನೆಲ್ಲು ನಾಟಿ ಮಾಡೋ ಊರು. ನಮ್ಮಪ್ಪಂದು ಕಾಲುವಿ ಕೆಳಾಗ ಸಣ್ಣದೊಂದು ಹೊಲ ಇತ್ತು. ನಮ್ಮ ದೊಡ್ಡಪ್ಪ ಒಂದಿನ ಒಂದು ಕಾಗದ ತಂದ, "ಏ ತಮ್ಮಾ, ನೀರಿನ ಪಾಳೇಕ ಅರ್ಜಿ ಹಾಕೀನಿ, ಒಂದು ಹೆಬ್ಬೆಟ್ಟು ಒತ್ತು" ಅಂದ. ನಮ್ಮಪ್ಪ ಉಣ್ಣಾಕ ಕುಂತಿದ್ದ, ಎಡಗೈ ಚಾಚಿ ಒತ್ತಿಬಿಟ್ಟ, ಬಲಗೈಯಾಗ ತುತ್ತು ಹಂಗ ಇತ್ತು. ಅದು ನೀರಿನ ಅರ್ಜಿ ಅಲ್ಲ. ಮುಂದಿನ ನಾಟಿಗೆ ನಾವು ನಮ್ಮ ಹೊಲದಾಗನ ಕೂಲಿ ಮಾಡಿದ್ವಿ. ಆವತ್ತಿಂದ ನನಗ ಕಾಗದ ಕಂಡ್ರ ಆಗಂಗಿಲ್ಲ. ಕಾಗದ ಹಿಡಕೊಂಡು ನಕ್ಕೋಂತ ಬರೋ ಮನಿಶಾನ್ನ ಕಂಡ್ರ ಮದ್ಲ ಆಗಂಗಿಲ್ಲ. ಗ್ಯಾಸಿನ ಹುಡುಗ ಪುಸ್ತಕದಾಗ ಸೈ ಮಾಡಜ್ಜಿ ಅಂತಾನಲ್ಲ, ಅದಕ್ಕ ನಾ ಒಳಗ ಹೋಗೋದು. ನೀವು ನಗ್ತೀರಿ. ನಗ್ರಿ.

ನಿಮ್ಮಜ್ಜ ಎರ್ರಿಸ್ವಾಮಿ ಬ್ರೂಸ್‌ಪೇಟಿಯಾಗ ಹಮಾಲಿ, ಚೀಲ ಹೊರತಿದ್ದ. ಮದುವಿ ಆಗಿ ಬಂದು ಅಲ್ಲೇ ಒಂದು ಗ್ವಾಡಿಗೆ ತಗಡು ಆನಿಸಿ ಇದ್ವಿ, ಅದು ಮನಿ ಅಲ್ಲ, ಮೂಲಿ. ಅಷ್ಟರಾಗ ಗುಂಡುಕಲ್ಲಿನಾಗ ಶೆಡ್ಡುಗಳ ಹಿಂದ ಕೂಲಿ ಮಂದಿಗೆ ಸೈಟು ಕೊಡ್ತಾರ ಅಂತ ಸುದ್ದಿ ಬಂತು. ನಾ ನಂಬಲಿಲ್ಲ. ಅಜ್ಜ ಹೋಗಿ ಹೆಸ್ರು ಬರಸಿ ಬಂದ. ಕೊಟ್ಟ್ರು, ಖರೇನ ಕೊಟ್ಟ್ರು. ಎರಡು ಸಾಲು ಸೈಟು, ಎರಡು ಸಾಲಿನ ನಡುವ ಒಂದು ಖಾಲಿ ಜಾಗ. ಈ ಕಡಿ ಸಾಲಿನಾಗ ಕೊನೀದು ನಂದು. ಆ ಕಡಿ ಸಾಲಿನಾಗ ಮದಲನೇದು ಹಂಪಮ್ಮಂದು. ನನ್ನ ಬಾಗಿಲಾಗ ನಿಂತ್ರ ಖಾಲಿ ಜಾಗದಾಚಿ ಅಕಿ ಬಾಗಿಲು. ಹಂಪಮ್ಮ ಕುರುಗೋಡಾಕಿ. ಅಕಿ ಗಂಡ ಸಣ್ಣಲಿಂಗ ಕಲ್ಲು ಒಡೆಯೋನು. ಇಬ್ಬರೂ ಗಟ್ಟಿ ಮಂದಿ. ಬಂದ ವಾರಕ್ಕ ಅಕಿ ಅಡಿಗಿ ಮನಿಗೆ ಕಲ್ಲಿನ ಗ್ವಾಡಿ ಎತ್ತಿಬಿಟ್ರು, ಆ ಸಾಲಿನಾಗ ಯಾರಿಗೂ ಕಲ್ಲಿನ ಗ್ವಾಡಿ ಇದ್ದಿಲ್ಲ, ಎಲ್ಲರ್ದೂ ತಗಡು, ಚಾಪಿ. ಒಲಿ ಹಾಕಿದ್ಲು ನೋಡು, ಎರಡು ಕಣ್ಣಿನ ಒಲಿ, ಕೆಮ್ಮಣ್ಣು ಸಾರಿಸಿ, ದೇವ್ರಂಗ ಇಟಕೊಂಡಿದ್ಲು.

ಇಬ್ಬರೂ ಒಂದ ಶೆಡ್ಡಿಗೆ ಕೆಲಸಕ್ಕ ಹೋಗ್ತಿದ್ವಿ. ಅದು ನನ್ನ ಮದಲ ನೌಕರಿ ಅಂತ ಅನ್ರಿ. ಏನು ಕೆಲಸ, ದಾರ ಕತ್ತರಸೋದು. ಪ್ಯಾಂಟು ಹೊಲದಮ್ಯಾಲೆ ಅಲ್ಲಲ್ಲಿ ದಾರ ಜೋತಾಡ್ತಿರ್ತಾವ, ಅವನ್ನ ಸಣ್ಣ ಕಟ್ಟರಿಲೆ ಕತ್ತರಸಬೇಕು. ಗುಡ್ಡಿ ಗುಡ್ಡಿ ಪ್ಯಾಂಟು ತಂದು ಮುಂದ ಸುರೀತಿದ್ರು. ಕೈ ನೀಲಿ, ಉಗುರು ನೀಲಿ, ಮೂಗು ವರಿಸಿಕೊಂಡ್ರ ಮೂಗು ನೀಲಿ. ನಿಮ್ಮಪ್ಪ ಆವಾಗ ಆರು ತಿಂಗಳ ಕೂಸು. ಪ್ಯಾಂಟಿನ ಗುಡ್ಡಿ ಮ್ಯಾಲೆ ಮಲಗಸ್ತಿದ್ದೆ, ಕೂಸಿನ ಗಲ್ಲಾನೂ ನೀಲಿ. ಹಂಪಮ್ಮಗ ಮಕ್ಕಳಾಗಿದ್ದಿಲ್ಲ ಇನ್ನಾ. ಅಕಿ ನಿಮ್ಮಪ್ಪನ್ನ ಎತ್ತಕೊಂಡು, "ಏ ಕೃಷ್ಣಾ" ಅಂತ ಕರೀತಿದ್ಲು, ಬಣ್ಣಕ್ಕ. ನಾನು ನಗ್ತಿದ್ದೆ, ಆದ್ರ ಒಳಗ ಒಂದು ಇರ್ತಿತ್ತು, ಇಕಿ ಯಾಕ ನನ್ ಕೂಸನ್ನ ಅಷ್ಟು ಎತ್ತಕೋತಾಳ ಅಂತ. ನನ್ನ ಮನಸು ಹಂಗ ಇತ್ತು, ಏನ್ ಮಾಡ್ಲಿ. ಹೊಸ ಜಾಗಾ, ಒಬ್ಬರು ಕುರುಗೋಡು, ಒಬ್ಬರು ಸಿರುಗುಪ್ಪ, ಒಬ್ಬರು ಆಂಧ್ರದ ಕಡೆಯೋರು, ಯಾರ ಹಿಂದ ಯಾರದಾರ ಗೊತ್ತಿದ್ದಿಲ್ಲ. ಎಲ್ಲಾರೂ ಎಲ್ಲಾರ ಮ್ಯಾಲೂ ಒಂದು ಕಣ್ಣು ಇಟ್ಟಿದ್ವಿ.

ಆ ಬ್ಯಾಸಗ್ಯಾಗ ಸುದ್ದಿ ಎದ್ದಿತು. ಶೆಡ್ಡಿನ ದೊಡ್ಡ ರಸ್ತಿನ ಕಾಲುವಿ ಏರಿ ಮಟ ಒಯ್ತಾರಂತ, ಎರಡು ಸಾಲಿನ ನಡುವಿನ ಖಾಲಿ ಜಾಗದಾಗ ಹಾದು ಬರ್ತೈತಂತ, ಒಂದು ಮನಿ ಹೋಗ್ತೈತಂತ. ಯಾವ ಮನಿ? ಅದು ಯಾರಿಗೂ ಗೊತ್ತಿಲ್ಲ. ಶೆಡ್ಡಿನಾಗ ಒಬ್ಬಾಕಿ "ಗಂಗಕ್ಕಾ, ನಿಂದ ಅಂತ ಕೇಳೀನಿ" ಅಂದ್ಲು. ಇನ್ನೊಬ್ಬಾಕಿ "ಹಂಪಮ್ಮಂದು" ಅಂದ್ಲು. ನಾನು ಹಂಪಮ್ಮನ ಮಾರಿ ನೋಡಿದೆ, ಅಕಿ ನನ್ನ ಮಾರಿ ನೋಡಿದ್ಲು, ಇಬ್ಬರೂ ತಲಿ ಬಗ್ಗಿಸಿ ದಾರ ಕತ್ತರಿಸಿದ್ವಿ.

ಅಳತಿ ಮಾಡೋರು ಬಂದ್ರು. ಒಬ್ಬ ಸಾಹೇಬ, ಕೊಡಿ ಹಿಡದು ಮೂರು ಕಾಲಿನ ದುರ್ಬೀನದಾಗ ನೋಡ್ತಿದ್ದ. ಇನ್ನೊಬ್ಬ ಜಂಬಣ್ಣ ಅಂತ, ಅಳತಿ ಸರಪಳಿ ಎಳಿಯೋನು, ಕಲ್ಲು ನೆಡೋನು, ದಿನಗೂಲಿ ಮ್ಯಾಲೆ. ತೆಳ್ಳನ ಮನಿಶಾ, ಕಿವಿ ಮ್ಯಾಲೆ ಪೆನ್ಸಿಲ್ಲು ಇಟಕೊಂಡಿರ್ತಿದ್ದ. ಕೂಲಿಯಂವಗ ಪೆನ್ಸಿಲ್ಲು ಯಾಕ ಅಂತ ನನಗ ಅಲ್ಲೇ ಒಂದು ಗುಮಾನಿ. ಎರಡು ದಿನ ಅಳದ್ರು. ನಾನು ಕೂಸಿಗೆ ಮೈ ಬೆಚ್ಚಗೈತಿ ಅಂತ ಹೇಳಿ ಕೆಲಸ ಬಿಟ್ಟು ಮನ್ಯಾಗ ಉಳದು, ಚಾಪಿ ಸಂದ್ಯಾಗ ನೋಡ್ಕೋಂತ ಕುಂತೆ. ಬೆಳಿಗ್ಗಿ ಹಂಪಮ್ಮ ಇನ್ನಾ ಕೆಲಸಕ್ಕ ಹೋಗಿದ್ದಿಲ್ಲ, ಜಂಬಣ್ಣ ಅಕಿ ಬಾಗಿಲಿಗೆ ಹೋದ, ಮಜ್ಜಿಗಿ ಕುಡದ. ನನ್ನ ಬಾಗಿಲಿಗೆ ಬರಲಿಲ್ಲ. ಬರಲಿಲ್ಲ ಅಂದ್ರ, ನನ್ನ ಬಾಗಿಲು ಮುಚ್ಚಿತ್ತು ಖರೆ, ಆದ್ರ ಕೂಗಬಹುದಿತ್ತಲ್ಲ? ಮರುದಿನ ಊಟದ ಬಿಡುವಿನಾಗ ಹಂಪಮ್ಮ ಶೆಡ್ಡಿನಿಂದ ಓಡಿ ಬಂದ್ಲು. ಅತ್ತಾಗ ಇತ್ತಾಗ ನೋಡಿ, ಒಂದು ಬಟ್ಟಿ ಗಂಟು ಜಂಬಣ್ಣನ ಕೈಗೆ ಕೊಟ್ಲು. ಅಂವ ಬ್ಯಾಡ ಬ್ಯಾಡ ಅಂದಂಗ ಮಾಡಿ ಚೀಲದಾಗ ಇಟಕೊಂಡ. ನಾನು ನನ್ನ ಕಣ್ಣಾರೆ ನೋಡಿದೆ. ಇದಾದ ಒಂದು ತಾಸಿಗೆ ಅಂವ ಕಲ್ಲು ನೆಟ್ಟ. ತಲಿಗೆ ಸುಣ್ಣ ಬಳದು, ಕೆಂಪು ಬಾಣ ಬರದು. ರಸ್ತಿಯ ನಡುಗಲ್ಲು ಅಂತ ಅದು. ಅದರಿಂದ ಎರಡೂ ಕಡಿ ಇಂತಿಷ್ಟು ಅಳದು ರಸ್ತಿ ಹಾಕ್ತಾರ. ಆ ಕಲ್ಲು ಎಲ್ಲಿ ಬಂತಂತಿ? ಖಾಲಿ ಜಾಗದ ನಡುವಲ್ಲ. ನನ್ನ ಮನಿ ಕಡಿ. ನನ್ನ ಬಚ್ಚಲಿನಿಂದ ನಾಕು ಹೆಜ್ಜಿ.

ನನಗ ಮೈಯೆಲ್ಲಾ ಉರೀತು. ಸಂಜಿಗೆ ಅಜ್ಜ ಬಂದ, ಹೇಳಿದೆ. ಅಂವ ಕಾಲು ತೊಳಕೋಂತ, "ಹೋಗಿ ಕೇಳು ಅಂವನ್ನ, ಕಲ್ಲು ಇಲ್ಲಿ ಯಾಕ ನೆಟ್ಟಿ ಅಂತ" ಅಂದ. ನಾನು, "ಕೇಳಿದ್ರ ಖರೆ ಹೇಳ್ತಾನೇನು ಅಂವ, ಗಂಟು ತಗೊಂಡಾನ" ಅಂದೆ. "ಗಂಟಿನಾಗ ಏನಿತ್ತು?" "ಏನಿತ್ತು ಅಂದ್ರ? ಏನೋ ಇತ್ತು." "ಹಂಪಮ್ಮನ್ನರ ಕೇಳು." "ಅಕಿನ್ನ ಯಾಕ ಕೇಳ್ಲಿ, ಕಳ್ಳರನ್ನ ಕೇಳಿದ್ರ ಕಳ್ಳತನ ಹೇಳ್ತಾರೇನು?" ನಿಮ್ಮಜ್ಜ ಅಲ್ಲಿಗೆ ಬಿಟ್ಟ. ಅಂವ ಹಂಗ, ದಿನಾ ಬೆನ್ನ ಮ್ಯಾಲೆ ಚೀಲ ಹೊತ್ತು ಹೊತ್ತು ಮನಿಗೆ ಬಂದ್ರ ಮಾತು ಹೊರಾಕ ಆಗ್ತಿದ್ದಿಲ್ಲ ಅಂವಗ.

ಹಂಪಮ್ಮ ಮರುದಿನ ಬೆಳಿಗ್ಗಿ ಬಾಗಿಲಿಗೆ ಬಂದು, "ಗಂಗಾ, ಕೃಷ್ಣಗ ಜ್ವರ ಹೆಂಗೈತಿ?" ಅಂದ್ಲು. ನೋಡು, ಹೆಂಗ ಕೇಳ್ತಾಳ ಅಂತ ನಾನು. "ಐತಿ" ಅಂದೆ ಅಷ್ಟ. "ಕೆಲಸಕ್ಕ ಬರಂಗಿಲ್ಲೇನು?" "ಇಲ್ಲ." ಅಕಿ ಕೆಲಸಕ್ಕ ಹೋದ್ಲು. ಅವತ್ತ ನಾನು ಮಾಡಿದ್ದು.

ಬಳ್ಳಾರಿ ಬಿಸಿಲು ನಿಮಗ ಹೇಳೋದೇನು, ಮಟಮಟ ಮಧ್ಯಾಹ್ನದಾಗ ನಾಯಿ ಸೈತ ಹೊರಗ ಬರಂಗಿಲ್ಲ. ಎರಡೂ ಸಾಲಿನಾಗ ಒಂದು ಹುಳಾ ಇಲ್ಲ, ಎಲ್ಲಾರೂ ಶೆಡ್ಡಿನಾಗ. ಕೂಸು ಮಲಗಿತ್ತು. ನಾನು ಹಂಪಮ್ಮನ ಮನಿ ಹಿತ್ತಲಕ್ಕ ಹೋದೆ, ಸಣ್ಣಲಿಂಗನ ಕಲ್ಲು ಮೀಟೋ ಕಬ್ಬಿಣದ ಗಡಾರಿ ಗ್ವಾಡಿಗೆ ಆನಿಸಿತ್ತು, ಕಾದು ಕೆಂಡ ಆಗಿತ್ತು, ಸೆರಗು ಸುತ್ತಿ ಹಿಡಕೊಂಡೆ. ಹೌದು, ಅಕಿ ಮನಿ ಗಡಾರೀನ. ಹೊಸದಾಗಿ ನೆಟ್ಟ ಕಲ್ಲು, ಮಣ್ಣು ಇನ್ನಾ ಸಡ್ಲ ಇತ್ತು, ನಾಕು ಸಲ ಮೀಟಿದ್ರ ಅಲುಗಾಡ್ತು. ನೀವು ಈಗ ಈ ಕೈ ನೋಡ್ತೀರಿ, ಆವಾಗ ನಾಟಿ ಮಾಡಿದ ಕೈ ಅವು. ಉರುಳಿಸಿಕೋಂತ, ಉರುಳಿಸಿಕೋಂತ, ಹಂಪಮ್ಮನ ಕಡಿಗೆ ಎಂಟು ಹೆಜ್ಜಿ ಒಯ್ದೆ. ತೆಗ್ಗು ತೋಡಿದೆ, ನಿಲ್ಲಿಸಿದೆ, ಕೆಂಪು ಬಾಣ ಕಾಲುವಿ ಕಡಿ ಮಾಡಿದೆ, ತುಳದೆ. ಹಳೇ ತೆಗ್ಗು ಮುಚ್ಚಿ ಮ್ಯಾಲೆ ಒಂದು ಕೊಡ ನೀರು ಚೆಲ್ಲಿದೆ, ಅದು ಒಂದು ಗಳಿಗ್ಯಾಗ ಒಣಗಿ ಸುತ್ತಲಿನ ನೆಲದಂಗ ಆತು. ಗಡಾರಿ ಇದ್ದಲ್ಲಿ ಇಟ್ಟೆ. ಮನಿಗೆ ಬಂದು ಬಾಗಿಲು ಹಾಕಿಕೊಂಡೆ. ನನಗ ಏನನಿಸಿತು ಗೊತ್ತೈತೇನು? ತಪ್ಪು ಅನಿಸಲಿಲ್ಲ. ಅವ್ರು ಸರಿಸಿದ್ದನ್ನ ನಾನು ವಾಪಸ್ ಸರಿಸೀನಿ ಅನಿಸಿತು. ನಮ್ಮಪ್ಪ ಮಾಡದ್ದು ನಾನು ಮಾಡಿದೆ ಅನಿಸಿತು. ಅವತ್ತು ಹೊಟ್ಟಿತುಂಬ ಉಂಡೆ.

ಮೂರನೇ ದಿನಕ್ಕ ಮಷಿನ್ನು ಬಂತು, ಕಂತ್ರಾಟದಾರನ ಮಂದಿ ಬಂದ್ರು. ಅವ್ರಿಗೇನು, ಕಲ್ಲು ಎಲ್ಲೈತೋ ಅಲ್ಲಿಂದ ಟೇಪು ಹಿಡದ್ರು. ಟೇಪಿನ ತುದಿ ಹಂಪಮ್ಮನ ಅಡಿಗಿ ಮನಿಯಾಗ ಹೋತು. ನಾವು ಶೆಡ್ಡಿನಾಗ ಇದ್ವಿ, ಯಾರೋ ಬಂದು, "ಹಂಪಮ್ಮಕ್ಕಾ, ನಿನ್ನ ಗ್ವಾಡಿ ಬೀಳಸಾಕತ್ಯಾರ" ಅಂದ್ರು. ಅಕಿ ಓಡಿದ್ಲು, ನಾನೂ ಹಿಂದ ಓಡಿದೆ. ಹೋಗೋದ್ರಾಗ ಗ್ವಾಡಿ ಬಿದ್ದಿತ್ತು. ಎರಡು ಕಣ್ಣಿನ ಒಲಿ ಮ್ಯಾಲೆ ಕಲ್ಲು ಬಿದ್ದು ನಡುವ ಸೀಳಿತ್ತು. ಸಣ್ಣಲಿಂಗ ಕಂತ್ರಾಟದಾರನ ಕಡೆಯ ಒಬ್ಬ ಮನಿಶಾನ ಅಂಗಿ ಹಿಡದಿದ್ದ. ಅಂವ, "ನನ್ನ ಕೇಳಿದ್ರ ಏನು ಮಾಡ್ಲೋ ಯಪ್ಪಾ, ಕಲ್ಲು ಅಲ್ಲೈತಿ, ನೀನ ನೋಡು" ಅಂತಿದ್ದ. ಹಂಪಮ್ಮ ಅಳಲಿಲ್ಲ. ಬಗ್ಗಿ ಒಲಿಯಾಗಿನ ಬೂದಿ ತಗದು ಒಂದು ಪುಟ್ಟಿಗೆ ತುಂಬಾಕ ಹತ್ತಿದ್ಲು. ಬೂದಿ ಯಾಕ ತುಂಬ್ತಾಳ ಇಕಿ ಅಂತ ನಾನು ನಿಂತು ನೋಡಿದೆ. ಅಕಿಗೂ ಗೊತ್ತಿದ್ದಿಲ್ಲ ಅನಸ್ತೈತಿ, ಕೈಗೆ ಏನರ ಬೇಕಾಗಿತ್ತು.

ಸಾಹೇಬ ಬಂದು ನೋಡೋದ್ರಾಗ ರಸ್ತಿಗೆ ಕಂಕರಿ ಬಿದ್ದಿತ್ತು, ಮಗ್ಗಲಿಗೆ ಗಟಾರ ಕಟ್ಟಿದ್ರು. ನಕಾಶಿ ಬಿಚ್ಚಿ ನೋಡಿದ್ರ ರಸ್ತಿ ನೆಟ್ಟಗ ಹೋಗಬೇಕಾದ್ದು ಅಲ್ಲಿ ಸೊಟ್ಟ ಆಗೈತಿ. ತಪ್ಪು ಯಾರ್ದು? ಕಲ್ಲು ನೆಟ್ಟೋನು ಜಂಬಣ್ಣ. "ಯಾರ ಹತ್ರ ತಿಂದ್ಯೋ?" ಅಂತ ಎಲ್ಲಾರ ಮುಂದ ಕೇಳಿದ ಸಾಹೇಬ. ಜಂಬಣ್ಣ ನನ್ನ ಮನಿ ಕಡಿ ಓಡಿದ. "ಸಾರ್, ನಾನು ನೆಟ್ಟಿದ್ದು ಇಲ್ಲಿ ಸಾರ್, ಇಲ್ಲಿ" ಅಂತ ನನ್ನ ಬಚ್ಚಲ ಕಡಿ ನೆಲ ತೋರಿಸ್ತಾನ, ನೆಲ ಸಪಾಟ ಐತಿ. ಅವತ್ತ ಅಂವನ್ನ ತಗದ್ರು. ಸಾಲಿನಾಗ ಎಲ್ಲಾರೂ ಎಣ್ಣಿಮಿಲ್ಲಿನ ಮಾಲಕಂದ ಕೆಲಸ ಅಂದ್ರು, ನಮ್ಮ ಸಾಲಿನ ಕಡಿ ಅಂವಂದೊಂದು ಜಾಗಾ ಇತ್ತು, ಅದನ್ನ ಉಳಿಸಿಕೊಳ್ಳಾಕ ಜಂಬಣ್ಣಗ ತಿನ್ನಿಸ್ಯಾನ ಅಂತ. ಹಂಪಮ್ಮನೂ ಹಂಗ ನಂಬಿದ್ಲು. ನನ್ನ ಮ್ಯಾಲೆ ಯಾರಿಗೂ ಅನುಮಾನ ಬರಲಿಲ್ಲ. ಕೂಸಿನ ತಾಯಿ, ಅಷ್ಟು ದೊಡ್ಡ ಕಲ್ಲು ಹೆಂಗ ಎತ್ತ್ಯಾಳು ಅಂತ. ಎಲ್ಲಾರೂ ಎಲ್ಲಾರ ಮ್ಯಾಲೆ ಅನುಮಾನ ಪಡೋ ಊರಾಗ ನನ್ನೊಬ್ಬಾಕಿನ್ನ ಬಿಟ್ಟಿದ್ರು. ನಿಮಗ ಹೇಳ್ತೀನಿ, ಅದು ಸುಖ ಅಲ್ಲ.

ಒಂದು ಹದಿನೈದು ದಿನ ಆಗಿರಬೇಕು. ಒಬ್ಬಾಕಿ ಹುಡುಗಿ ತಲಿಗೆ ಬಟ್ಟಿ ಕಟಕೊಂಡು, ಕಿವ್ಯಾಗ ಹತ್ತಿ ಇಟಕೊಂಡು, ಎಳೇ ಕೂಸು ಅವುಚಿಕೊಂಡು ಸಾಲಿನಾಗ ಮನಿ ಮನಿಗೆ ನಿಂತು ಬರಾಕತ್ತಿದ್ಲು. ನಾನು ಯಾರೋ ಬೇಡಾಕಿ ಅಂತ ಬಾಗಿಲು ಮುಂದ ಮಾಡಿದೆ. ಅಕಿ, "ಅಕ್ಕಾ, ಒಂದು ತಂಬಿಗಿ ನೀರು ಕೊಡ್ತೀರೇನು" ಅಂದ್ಲು. ಕೊಟ್ಟೆ. ಕುಡದ್ಲು. "ನಾನು ಜಂಬಣ್ಣನ ಮನ್ಯಾಕಿ ಅಕ್ಕಾ. ಆ ಕಲ್ಲು ಯಾರು ಕಿತ್ತಾರ ಅಂತ ನೀವು ಏನರ ನೋಡೀರೇನು? ನಿಮ್ಮ ಮನಿ ಮುಂದ ಇತ್ತಂತಲ್ಲ, ಅದಕ್ಕ ಕೇಳಾಕ ಬಂದೆ." ನಾನು, "ಇಲ್ಲವ್ವಾ, ನಾ ಶೆಡ್ಡಿಗೆ ಹೋಗಿದ್ದೆ" ಅಂದೆ. ಅಕಿ ಗೋಣು ಹಾಕಿದ್ಲು. "ಎಲ್ಲಾರೂ ಹಂಗ ಅಂತಾರ. ನಮ್ಮೆಜಮಾನ್ರು ಲಂಚ ತಿನ್ನೋರಲ್ಲ ಅಕ್ಕಾ. ಅವ್ರು ತಂದಿದ್ದು ಅಂದ್ರ ಒಂದ, ಎದುರು ಮನಿ ಹಂಪಮ್ಮಕ್ಕ ಅಂಟಿನ ಉಂಡಿ ಕಟ್ಟಿ ಕೊಟ್ಟಿದ್ರು, ಮನ್ಯಾಗ ಬಾಣಂತಿ ಅದಾಳ ಅಂತ ಕೇಳಿ. ಅವ್ರದ ಅಡಿಗಿಮನಿ ಬೀಳಿಸಿದ್ರು ಅಂತಾರಲ್ಲ, ಉಂಡಿ ತಿಂದೋರ ಮನಿ ಬೀಳಸ್ತಾರೇನಕ್ಕಾ ಯಾರಾದ್ರೂ?"

ಅಂಟಿನ ಉಂಡಿ. ಬಟ್ಟಿ ಗಂಟಿನಾಗ ಇದ್ದಿದ್ದು ಅದು. ತನಗ ಮಕ್ಕಳಿಲ್ಲ, ಯಾರೋ ಸರಪಳಿ ಎಳಿಯೋನ ಹೆಂಡ್ತಿ ಹಡದಾಳ ಅಂತ, ಶೆಡ್ಡಿನಿಂದ ಬಂದು ಉಂಡಿ ಕಟ್ಟಿದ್ಲು ಅಕಿ. ಅತ್ತಾಗ ಇತ್ತಾಗ ಯಾಕ ನೋಡಿದ್ಲು? ಬಿಡುವಿನಾಗ ಓಡಿ ಬಂದಿದ್ಲಲ್ಲ, ಶೆಡ್ಡಿನ ಮೇಸ್ತ್ರಿ ಎಲ್ಲಿ ನೋಡ್ತಾನ ಅಂತ ನೋಡಿದ್ಲು. ಆ ಹುಡುಗಿ ತಂಬಿಗಿ ವಾಪಸ್ ಕೊಟ್ಟು ಮುಂದಿನ ಮನಿಗೆ ಹೋತು. ಅವತ್ತು ನನ್ನ ರೊಟ್ಟಿ ತಾಟಿನಾಗ ಹಂಗ ಉಳೀತು. ಅಜ್ಜ, "ಯಾಕ?" ಅಂದ. "ಏನಿಲ್ಲ" ಅಂದೆ.

ಮರುದಿನ ಶೆಡ್ಡಿನಾಗ ಹಂಪಮ್ಮನ ಮಗ್ಗಲಿಗೆ ಕುಂತೆ. ಎಷ್ಟೋ ದಿನ ಆಗಿತ್ತು ಹಂಗ ಕುಂತು. ಒಂದು ಪ್ಯಾಂಟು ತಗೊಂಡು, ಕಟ್ಟರು ಆಡಿಸಿಕೋಂತ, ಮಾರಿ ನೋಡದಂಗ ಹೇಳಿಬಿಟ್ಟೆ. "ಹಂಪಮ್ಮಾ, ಕಲ್ಲು ಕಿತ್ತಾಕಿ ನಾನು." ಅಕಿ ಕೈ ನಿಂತ್ವು. ಆಮ್ಯಾಲೆ ಮತ್ತ ಕತ್ತರಸಾಕ ಹತ್ತಿದ್ಲು. ನನಗ ಆ ಕಟ್ಟರಿನ ಸಪ್ಪಳ ಅಷ್ಟ, ಕಚ್, ಕಚ್. ಗುಡ್ಡಿ ಮುಗಿದಮ್ಯಾಲೆ, "ಯಾಕ?" ಅಂದ್ಲು. ಹೇಳಿದೆ, ಗಂಟಿನ ಸುದ್ದಿ, ಬಾಣದ ಸುದ್ದಿ, ಎಲ್ಲಾ. ಅಕಿ, "ನಾನು ನಿನ್ನ ಎದುರಿಗೇ ಇದ್ನಲ್ಲ ಗಂಗಾ" ಅಂದ್ಲು. ಅಷ್ಟ. ಬೈದಿದ್ರ ಬೇಷಿತ್ತು. ಕೂದಲು ಹಿಡದು ಎಳದಿದ್ರ ಬೇಷಿತ್ತು. ಸಂಜಿಗೆ ಮನಿಗೆ ಬಂದ್ರ ಅಕಿ ತನ್ನ ಗಡಿಗಿ, ತನ್ನ ಹಿಟ್ಟು, ತನ್ನ ಕಟಗಿ ಎಲ್ಲಾ ಹೊತಗೊಂಡು ನನ್ನ ಬಾಗಿಲಾಗ ನಿಂತಾಳ. "ನನ್ನ ಒಲಿ ಹೋತು. ಇನ್ನ ಮ್ಯಾಲೆ ನಿನ್ನ ಒಲಿ ಮ್ಯಾಲೆ ಅಡಿಗಿ ಮಾಡ್ತೀನಿ. ಸರಕೋ." ಸರದೆ. ಏನು ಮಾಡ್ಲಿ? ರೊಟ್ಟಿ ಬಡಕೋಂತ, ಬೆನ್ನು ನನ್ ಕಡಿ ಮಾಡಿ ಹೇಳಿದ್ಲು, "ನಾಳಿಗೆ ನಾವಿಬ್ಬರೂ ಜಂಬಣ್ಣನ ಹತ್ರ ಹೋಗೋದೈತಿ."

ಅಂವ ಸಿರುಗುಪ್ಪದಾಗ ಅಕ್ಕಿ ಗಿರಣ್ಯಾಗ ಚೀಲ ಹೊರಾಕತ್ತಾನ ಅಂತ ತಿಳೀತು. ಬಸ್ಸಿಗೆ ಹೋದ್ವಿ. ಕೂಸು ಹಂಪಮ್ಮನ ತೊಡಿ ಮ್ಯಾಲೆ. ನನಗ ಕೊಡಲಿಲ್ಲ ಅಕಿ, ದಾರಿ ತುಂಬ. ಗಿರಣಿ ಹಿಂದ ಹೊಟ್ಟಿನ ಗುಡ್ಡದ ಹತ್ರ ಜಂಬಣ್ಣ ಮೈಯೆಲ್ಲಾ ದೂಳಾಗಿ ಕುಂತಿದ್ದ, ಕಿವಿ ಮ್ಯಾಲೆ ಪೆನ್ಸಿಲ್ಲು ಇದ್ದಿಲ್ಲ. ನಮ್ಮನ್ನ ನೋಡಿ ಎದ್ದು ಹಿಂದಕ್ಕ ಸರದ. "ಮತ್ತ ಏನು ಹೇಳಾಕ ಬಂದೀರಿ? ನಾನು ಏನೂ ತಗೊಂಡಿಲ್ಲ." ಹಂಪಮ್ಮ ನನ್ನ ಬೆನ್ನಿಗೆ ಕೈ ಇಟ್ಟು ಮುಂದ ನೂಕಿದ್ಲು. ಹೇಳಿದೆ. ಅಂವ ಕೇಳಿ ನನ್ನ ಕೈ ನೋಡಿದ, ಮಾರಿ ನೋಡಲಿಲ್ಲ. "ಅಕ್ಕಾ, ಆ ರಸ್ತಿ ನೆಟ್ಟಗ ಬಂದಿದ್ರ ಹೋಗ್ತಿದ್ದಿದ್ದು ನಿಮ್ಮ ಬಚ್ಚಲ ಮೂಲಿ ಒಂದು. ಅದೂ ಕಲ್ಲು ನಾಕು. ಸಾಲಿನಾಗ ಒಂದು ಮನೀನೂ ಹೋಗ್ತಿದ್ದಿಲ್ಲ. ನನ್ನ ಕೇಳಿದ್ರ ನಕಾಶಿ ತಗದು ತೋರಿಸ್ತಿದ್ದೆ." "ನೀನು ಬಾಗಿಲಿಗೆ ಬರಲಿಲ್ಲ" ಅಂದೆ. "ನಿಮ್ಮ ಬಾಗಿಲು ಹಾಕಿತ್ತು" ಅಂದ.

ಹಂಪಮ್ಮ, "ಆಫೀಸಿಗೆ ಬಂದು ಗಂಗಾ ಹೇಳ್ತಾಳ" ಅಂದ್ಲು. ಅಂವ ನಂಬಲಿಲ್ಲ. ಅಂವಗೂ ನಮ್ಮ ಮ್ಯಾಲೆ ಗುಮಾನಿ. ಇವರು ನನ್ನನ್ನ ಕರಕೊಂಡು ಹೋಗಿ ಇನ್ನೇನಕ್ಕರ ಸಿಗಿಸ್ತಾರ ಅಂತ. ನಾಕು ಸಲ ಕೇಳಿದ, "ಸಾಹೇಬ್ರ ಮುಂದ ಇದ ಮಾತು ಹೇಳ್ತೀರೇನು?" ಅಂತ. ಬಂದ, ಆದ್ರ ಬಸ್ಸಿನಾಗ ನಮ್ಮಿಂದ ದೂರ ಕುಂತ.

ಬಳ್ಳಾರ್ಯಾಗ ಸಾಹೇಬನ ಮುಂದ ನಿಂತು ಹೇಳಿದೆ. ಅಂವ ಆಂಧ್ರದ ಕಡೆಯಂವ. "ಏಮ್ಮಾ, ನೀನೊಬ್ಬಳೇ ಎತ್ತಿದೆಯಾ ಆ ಕಲ್ಲು? ಯಾರು ಹೇಳಿಕೊಟ್ಟರು ಹೀಗೆ ಹೇಳು ಅಂತ?" ಅಂದ. ನೋಡು, ಖರೆ ಹೇಳಿದಾಗ ನಂಬಲಿಲ್ಲ. ಎಲ್ಲಿಂದ ಎಲ್ಲಿಗೆ, ಎಷ್ಟು ಹೆಜ್ಜಿ, ಗಡಾರಿ ಯಾರ್ದು, ಹಳೇ ತೆಗ್ಗು ಎಲ್ಲೈತಿ, ಅಗದು ನೋಡ್ರಿ ಬೇಕಾದ್ರ ಅಂದೆ. ಆವಾಗ ಗುಮಾಸ್ತನ್ನ ಕರದು ಬರಸಿದ. ಬರದು, ಮಸಿ ಪ್ಯಾಡು ಮುಂದ ಇಟ್ಟ್ರು. "ಒತ್ತು." ನನ್ನ ಕೈ ಏಳಲಿಲ್ಲ. ಆ ಕಾಗದದಾಗ ಏನು ಬರದಾರ? ಸೈಟು ವಾಪಸ್ ಅಂತ ಬರದಿದ್ರ? ಜೇಲು ಅಂತ ಬರದಿದ್ರ? ನಮ್ಮಪ್ಪನ ಎಡಗೈ ಕಣ್ಣಿಗೆ ಬಂತು. "ಓದಿ ಹೇಳ್ರಿ" ಅಂದೆ. ಗುಮಾಸ್ತ, "ನಿನಗೇನು ತಿಳೀತೈತಿ, ಒತ್ತಮ್ಮಾ, ಊಟದ ಹೊತ್ತಾತು" ಅಂದ. ಹಂಪಮ್ಮಗ ಓದಾಕ ಬರ್ತಿದ್ದಿಲ್ಲ. ಆ ಕ್ವಾಣ್ಯಾಗ ಓದಾಕ ಬರೋನು, ನಾನು ಕೇಳಬಹುದಾದಂವ, ಅಂದ್ರ ಜಂಬಣ್ಣ ಒಬ್ಬನ. ಅಂವ ಬಾಗಿಲ ಹತ್ರ ನಿಂತಿದ್ದ. ನನ್ನಿಂದ ಕೆಲಸ ಕಳಕೊಂಡ ಮನಿಶಾ. ನಾ ಆ ಕಾಗದಕ್ಕ ಒತ್ತಿದ್ರ ಅಂವಗ ಲಾಭ. ಅದರಾಗ ಏನ ಇರಲಿ, ಚಲೋ ಐತಕ್ಕಾ ಒತ್ತು ಅಂದುಬಿಟ್ರ ಮುಗೀತಲ್ಲ. ನಾನಾಗಿದ್ರ ಹಂಗ ಅಂತಿದ್ದೆ, ಸುಳ್ಳು ಯಾಕ ಹೇಳ್ಲಿ.

"ತಮ್ಮಾ, ನೀ ಓದು" ಅಂದೆ. ಅಂವ ಬಂದ. ಬಟ್ಟು ಇಟ್ಟು ಒಂದೊಂದ ಅಕ್ಷರ ಕೂಡಿಸಿ ಓದಿದ, ಸಾವಕಾಶ. ನಾನು ಅಂವನ ಬಾಯಿ ನೋಡಿಕೋಂತ ನಿಂತೆ. ನಡುವ ಒಂದು ಕಡಿ ನಿಂತ. "ಸಾರ್, ಇಲ್ಲಿ, 'ಸೈಟಿನ ಬಗ್ಗೆ ಮುಂದಿನ ಕ್ರಮಕ್ಕೆ ನನ್ನ ಒಪ್ಪಿಗೆ ಇದೆ' ಅಂತ ಐತಿ. ಅಕ್ಕ ಅದನ್ನ ಹೇಳಿಲ್ಲಲ್ಲ ಸಾರ್." ಗುಮಾಸ್ತ, "ಎಲ್ಲಾ ಕಾಗದದಾಗೂ ಹಂಗ ಬರೀತೀವಿ, ನಿನಗ್ಯಾಕ?" ಅಂದ. ಜಂಬಣ್ಣ ಸಾಹೇಬನ ಕಡಿ ನೋಡಿ, "ಅದು ಅಕ್ಕನ ಮಾತಲ್ಲ ಸಾರ್" ಅಂದ ಮತ್ತೊಮ್ಮೆ. ತನ್ನ ಕೆಲಸ ಆ ಸಾಹೇಬನ ಕೈಯಾಗ ಐತಿ, ಆದ್ರೂ ಅಂದ. ಸಾಹೇಬ ಪೆನ್ನು ತಗೊಂಡು ಆ ಸಾಲಿನ ಮ್ಯಾಲೆ ಗೀಟು ಎಳದು ಮಗ್ಗಲಿಗೆ ಸೈ ಮಾಡಿದ. ನಾನು ಒತ್ತಿದೆ. ಜನ್ಮದಾಗ ಸೈಟಿನ ಕಾಗದ ಬಿಟ್ರ ನಾನು ಒತ್ತಿದ್ದು ಅದೊಂದ.

ಮುಂದ ಏನಾತು? ಬಾಳ ದಿನ ನಾನು ಯಾರೋ ಬಂದು ಮನಿ ಖಾಲಿ ಮಾಡು ಅಂತಾರ ಅಂತ ಹೊಸ್ತಲದಾಗ ಕಾದೆ. ಯಾರೂ ಬರಲಿಲ್ಲ. ಮಳಿಗಾಲ ಕಳದಮ್ಯಾಲೆ ಜಂಬಣ್ಣನ್ನ ಕೆಲಸಕ್ಕ ಕರದ್ರು, ಅದ ಸರಪಳಿ ಕೆಲಸ ಅಲ್ಲ, ನೀರಿನ ವಾಲು ತಿರುವೋದು. ರಸ್ತಿ ಮಾತ್ರ ಯಾರೂ ತಿದ್ದಲಿಲ್ಲ, ಗಟಾರ ಕಟ್ಟಿಬಿಟ್ಟಿದ್ರಲ್ಲ. ಹಂಪಮ್ಮ ಒಂದು ವರ್ಷ ಹತ್ರ ನನ್ನ ಒಲಿ ಮ್ಯಾಲೆ ಅಡಿಗಿ ಮಾಡಿದ್ಲು. ಎಲ್ಲಾ ಸರಿ ಹೋತು ಅಂತ ತಿಳೀಬ್ಯಾಡ್ರಿ. ಅಕಿ ತನ್ನ ಕಟಗಿ ಎಣಿಸಿ ಇಡ್ತಿದ್ಲು, ನಾನು ನನ್ನ ಉಪ್ಪಿನ ಡಬ್ಬಿ ಒಳಗ ಇಡ್ತಿದ್ದೆ. ನಾನು ಹೊರಗ ಹೋದ್ರ, "ಎಲ್ಲಿಗೆ ಹೊಂಟಿ?" ಅಂತ ಕೇಳ್ತಿದ್ಲು, ಹೇಳೋ ತನಕ ಬಿಡ್ತಿದ್ದಿಲ್ಲ. ಸಿಟ್ಟಿತ್ತು ಅಕಿಗೆ, ಇರಬೇಕಾದ್ದ. ಆದ್ರ ಒಂದು ಐತಿ, ದಿನಾ ಎದುರಿಗೆ ಕುಂತು ರೊಟ್ಟಿ ಬಡಿಯೋದ್ರಾಗ, ಏನರ ಅನಿಸಿದ್ರ ಅವತ್ತ ಕೇಳಿಬಿಡ್ತಿದ್ವಿ. ನನ್ನ ಹಿಟ್ಟು ಯಾಕ ಕಮ್ಮಿ ಆಗೈತಿ? ನಿನ್ನ ಮಗ ಚೆಲ್ಲ್ಯಾನ. ಎಲ್ಲಿ? ಅಲ್ಲಿ ನೋಡು. ಮುಗೀತು. ಆಮ್ಯಾಲೆ ಅಕಿಗೂ ಒಂದು ಹೆಣ್ಣು ಹುಟ್ಟಿತು, ಹಿಂದಿನ ಕಡಿಗೆ ಹೊಸ ಅಡಿಗಿ ಮನಿ ಕಟಕೊಂಡ್ಲು. ಅಕಿ ಬಾಣಂತನದ ಉಂಡಿ ಕಟ್ಟಿದಾಕಿ ನಾನು. ಈಗ ಮಗಳ ಸಂಗಾಟ ಕುರುಗೋಡಿನಾಗ ಅದಾಳ, ಹಲ್ಲಿಲ್ಲ, ಕಿವಿ ಮಂದ. ಫೋನು ಮಾಡಿದ್ರ ನಾನು ಕೂಗಿ ಕೂಗಿ ಸಾಯ್ತೀನಿ. ಮದ್ಲ ಕೇಳೋದು, "ಏನು ಮಾಡಾಕತ್ತಿ ಗಂಗಾ, ಖರೆ ಹೇಳು" ಅಂತ.

ನನ್ನ ಅನುಮಾನದ ಬುದ್ಧಿ ಹೋಗೇತೇನು? ಇಲ್ಲ. ಹೋಗಂಗಿಲ್ಲ ಅದು, ಒಮ್ಮೆ ಬಂದ್ರ. ಪವೀ, ನೀನು ಯಾಕ ತಲಿ ಕೆಳಗ ಹಾಕಿ ಕುಂತಿ? ಮ್ಯಾಲಿನ ಮನಿ ಹುಡುಗಿ ಸಂಗಾಟ ಮೂರು ದಿನದಿಂದ ಮಾತಿಲ್ಲಂತ, ನಿಮ್ಮವ್ವ ಹೇಳಿದ್ಲು. ನಿನ್ನ ಬಗ್ಗೆ ಯಾರ ಹತ್ರನೋ ಏನೋ ಅಂದಾಳ ಅಂತಲ್ಲ? ಅಂದಾಳೋ ಇಲ್ಲೋ ನೀ ಕೇಳಿಲ್ಲ. ಅನುಮಾನ ಬಂದ್ರ ಬರಲಿ, ಅದರಾಗ ತಪ್ಪಿಲ್ಲ, ಕೇಳದಂಗ ಮನಸಿನಾಗ ಇಟಕೊಂಡು ಕುಂದ್ರೋದು ತಪ್ಪು. ಹೋಗು, ಮೆಟ್ಟಲಾ ಹತ್ತು, ಕೇಳಿ ಬಾ, ಆಮ್ಯಾಲೆ ಉಣ್ಣಾಕ ನೀಡ್ತೀನಿ.